ಎರಡು ಫೋನು, ಒಂದೇ ಎತ್ತು

ನವಲಗುಂದ, ಅಣ್ಣಿಗೇರಿ ಕಡೆ ಹಳ್ಳಿಗಳಲ್ಲಿ ಕಾರಹುಣ್ಣಿಮೆಗೆ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಮೊದಲು ಬಂದರೆ ಜೋಳ, ಹತ್ತಿಯಂಥ ಬಿಳಿ ಬೆಳೆ ಚಲೋ ಬರ್ತಾವ ಅನ್ನೋದು ನಂಬಿಕೆ. ಇದನ್ನೇ ಒಂದು ಮೊಬೈಲ್ ಆಟ ಮಾಡೋಣ: ತೆರೆಯ ಮೇಲೆ ಬೆರಳಿಟ್ಟ ಜಾಗಕ್ಕೆ ಎತ್ತು ಓಡಬೇಕು.

ಎತ್ತಿನ ಸ್ಥಾನವನ್ನು ಸೀದಾ ಬೆರಳಿನ ಸ್ಥಾನಕ್ಕೆ ಬದಲಿಸಿದರೆ ಅದು ಓಡೋದಿಲ್ಲ, ಒಮ್ಮೆಲೇ ಅಲ್ಲಿಗೆ ಜಿಗಿದು ನಿಲ್ತದ. ಅದಕ್ಕೆ ನಾವೆಲ್ಲ ಮೊದಲು ಕಲಿಯೋ ಸಾಲು ಇದು:

ಸ್ಥಾನ = ಸ್ಥಾನ + (ಗುರಿ − ಸ್ಥಾನ) × 0.1

ಅಂದ್ರೆ ಪ್ರತಿ ಫ್ರೇಮಿಗೂ ಉಳಿದ ದೂರದ ಹತ್ತನೇ ಒಂದು ಭಾಗ ಮುಂದಕ್ಕೆ. ಗುರಿ 600 ಪಿಕ್ಸೆಲ್ ದೂರ ಇದ್ದರೆ ಮೊದಲ ಹೆಜ್ಜೆ 60, ಮುಂದಿನದು 54, ಆಮೇಲೆ 48.6. ಎತ್ತು ಜೋರಾಗಿ ಹೊರಟು, ಗುರಿ ಹತ್ತಿರ ಬಂದಂಗೆಲ್ಲ ನಿಧಾನ ಆಗ್ತದ. ನೋಡಲು ಚೆಂದ.

ತೊಡಕು ಇರೋದು 'ಪ್ರತಿ ಫ್ರೇಮಿಗೂ' ಅನ್ನೋ ಮಾತಿನಲ್ಲಿ. ಹೊಸ ಫೋನು ಸೆಕೆಂಡಿಗೆ 60 ಫ್ರೇಮ್ ತೋರಿಸಿದರೆ, ಒಂದು ಸೆಕೆಂಡ್ ಆದಮೇಲೆ ಉಳಿಯೋ ದೂರ ಸುಮಾರು 1 ಪಿಕ್ಸೆಲ್. ಊರಲ್ಲಿರೋ ಅಪ್ಪನ ಹಳೇ ಫೋನು 30 ಫ್ರೇಮ್ ತೋರಿಸಿದರೆ ಸುಮಾರು 25 ಪಿಕ್ಸೆಲ್ ಉಳೀತದ. ಆಡಿದವರದು ಏನೂ ತಪ್ಪಿಲ್ಲ. ಆದರೂ ಹಳೇ ಫೋನಿನ ಎತ್ತು ಸೋಲ್ತದ.

ಪರಿಹಾರ ಗುಣಾಕಾರದಲ್ಲೇ ಅದ. ಒಂದು ಫ್ರೇಮಿಗೆ 0.9 ಭಾಗ ಉಳಿದರೆ, ಎರಡು ಫ್ರೇಮಿಗೆ ಉಳಿಯೋದು 0.9 × 0.9, ಅಂದ್ರೆ 0.81. ಹಾಗಾಗಿ 30 ಫ್ರೇಮಿನ ಫೋನಿನಲ್ಲಿ ಎತ್ತು ಒಂದು ಸಲಕ್ಕೆ 0.19 ಭಾಗ ಸಾಗಬೇಕು. 0.1 ಸಾಲದು, 0.2 ಹೆಚ್ಚಾಯ್ತು. ಯಾವ ಫೋನಿಗಾದರೂ ಹೊಂದೋ ಸಾಲು ಇದು:

ಭಾಗ = 1 − 0.9^(60 × ಕಾಲ)

ಇಲ್ಲಿ ^ ಅಂದ್ರೆ ಘಾತ. ಕಾಲ ಅಂದ್ರೆ ಹಿಂದಿನ ಫ್ರೇಮಿನಿಂದ ಈವರೆಗೆ ಕಳೆದ ಸೆಕೆಂಡು. ಯೂನಿಟಿಯಲ್ಲಿ ಅದು ಟೈಮ್.ಡೆಲ್ಟಾಟೈಮ್, ಗೋಡಾಟ್‌ನಲ್ಲಿ ಪ್ರೋಸೆಸ್ ಫಂಕ್ಷನ್ನಿಗೆ ಡೆಲ್ಟಾ ಅಂತ ಬರ್ತದ. ಮೊದಲ ಸಾಲಿನ 0.1 ತೆಗೆದು ಈ ಭಾಗ ಹಾಕಿದರೆ ಆಯ್ತು.

ಕಾಲವನ್ನು ಬರೇ 6ರಿಂದ ಗುಣಿಸೋ ಅಡ್ಡದಾರಿಯೂ ಉಂಟು. ಆದರೆ ಫೋನು ಅರ್ಧ ಸೆಕೆಂಡ್ ತಡವರಿಸಿದರೆ ಅದು 3 ಆಗ್ತದ, ಎತ್ತು ಗುರಿ ದಾಟಿ ಆಚೆ ಹೋಗ್ತದ. ಮೇಲಿನ ಭಾಗ ಎಷ್ಟೇ ತಡವಾದರೂ 1 ಮೀರೋದಿಲ್ಲ.

ಆಟವನ್ನು ಗೆಳೆಯರಿಗೆ ಕಳಿಸೋ ಮುನ್ನ ಫ್ರೇಮ್ ಮಿತಿ 30ಕ್ಕೆ ಇಟ್ಟು ಒಮ್ಮೆ, 60ಕ್ಕೆ ಇಟ್ಟು ಒಮ್ಮೆ ಓಡಿಸಿ ನೋಡೋಣ. ಬೆರಳು ಕದಲದೆ ಇದ್ದರೆ ಎರಡರಲ್ಲೂ ಎತ್ತು ಒಂದೇ ಹೊತ್ತಿಗೆ ಮುಟ್ಟಬೇಕು.