ಅಧ್ಯಾಯ 4: ಮನೆಕೂಟ ನಡೆಸುವವರ ಕೆಲಸ

ಸಭೆಯ ಕೆಲವರು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತಾರೆ, ಸತ್ಯವೇದ ಓದುತ್ತಾರೆ, ಅದರ ಬಗ್ಗೆ ಮಾತಾಡುತ್ತಾರೆ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುತ್ತಾರೆ. ಮನೆಕೂಟ, ಸೆಲ್ ಗ್ರೂಪ್, ಬೈಬಲ್ ಸ್ಟಡಿ, ಹೆಸರು ಏನೇ ಇರಲಿ, ಕೆಲಸ ಎರಡು. ವಾಕ್ಯವನ್ನು ಅರ್ಥಮಾಡಿಕೊಳ್ಳುವುದು ಒಂದು. ಅರ್ಥವಾದಂತೆ ಬದುಕಲು ಪರಸ್ಪರ ಆಸರೆಯಾಗುವುದು ಇನ್ನೊಂದು. ಶಿಷ್ಯತ್ವ ಎಂಬ ದೊಡ್ಡ ಮಾತಿನ ದಿನಬಳಕೆಯ ರೂಪ ಇದೇ. ವ್ಯಾಖ್ಯೆಗೆ ಇಷ್ಟು ಸಾಕು.

ತೊಡಕು ಶುರುವಾಗುವುದು ನಡೆಸುವವರ ವಿಚಾರದಲ್ಲಿ. ಮುಂದಾಳು ಎಂದರೆ ಕಿರಿಯ ಪಾಸ್ಟರ್ ಎಂದೇ ಹೆಚ್ಚಿನವರ ಎಣಿಕೆ. ಭಾನುವಾರದ ಪ್ರಸಂಗ ಗುರುವಾರ ಸಂಜೆ ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಮತ್ತೊಮ್ಮೆ ನಡೆಯುತ್ತದೆ, ಇನ್ನೂ ಸ್ವಲ್ಪ ಉದ್ದವಾಗಿ. ‘ಥಿಯಾಲಜಿ ಕಾಲೇಜಿನ ಮೆಟ್ಟಿಲು ಹತ್ತಿಲ್ಲ, ನಾನೇನು ನಡೆಸಲಿ’ ಎಂದು ಹಿಂಜರಿಯುವವರಿಗೂ ಮಾತಿಗೆ ನಿಂತರೆ ಕೂರದವರಿಗೂ ಇರುವುದು ಒಂದೇ ತಪ್ಪು ಕಲ್ಪನೆ. ಅದನ್ನು ಬಿಡಿಸಲು ನಾನು ಪ್ರತಿಸಲವೂ ಬ್ರಿಸ್ಟಲ್ ಊರಿನ ಒಂದು ಸಾಲದ ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟ್ ಚಳವಳಿಯ ಬೋಧಕ ಜಾನ್ ವೆಸ್ಲಿ 1739ರಲ್ಲಿ ‘ನ್ಯೂ ರೂಮ್’ ಎಂಬ ಕೂಟದ ಕಟ್ಟಡಕ್ಕೆ ಕೈಹಾಕಿದರು. ಕಟ್ಟಡ ಎದ್ದಿತು, ಸಾಲವೂ ಬೆಳೆಯಿತು. ಅದನ್ನು ತೀರಿಸುವುದು ಹೇಗೆಂದು 1742ರ ಫೆಬ್ರವರಿಯಲ್ಲಿ ಮಾತುಕತೆ ನಡೆಯಿತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು ಕ್ಯಾಪ್ಟನ್ ಫಾಯ್. ಅಷ್ಟಕ್ಕೂ ಗತಿಯಿಲ್ಲದವರಿದ್ದಾರೆ ಎಂದು ಯಾರೋ ಆಕ್ಷೇಪಿಸಿದರು. ಹಾಗಾದರೆ ಕಡುಬಡವರಾದ ಹನ್ನೊಂದು ಜನರನ್ನು ನನಗೇ ವಹಿಸಿ, ವಾರವಾರ ಅವರ ಮನೆಗೆ ಹೋಗಿ ಬರುತ್ತೇನೆ, ಅವರಿಂದ ಆಗದ್ದನ್ನು ನಾನು ತುಂಬುತ್ತೇನೆ ಎಂದರು ಫಾಯ್. ಉಳಿದವರೂ ಹನ್ನೊಂದು ಹನ್ನೊಂದು ಮಂದಿಯ ಹೊಣೆ ಹೊತ್ತರು. ‘ಕ್ಲಾಸ್’ ಹುಟ್ಟಿದ್ದು ಹೀಗೆ, ವಸೂಲಿಯಿಂದ!

ಮುಂದೆ ನಡೆದದ್ದೇ ಸ್ವಾರಸ್ಯ. ಪೆನ್ನಿಗೆಂದು ಬಾಗಿಲು ತಟ್ಟಿದವರಿಗೆ ಒಳಗಿನ ಸಂಸಾರ ಕಂಡಿತು. ಒಂದು ಮನೆಯಲ್ಲಿ ಗಂಡ ಹೆಂಡತಿಯ ಜಗಳ, ಮತ್ತೊಂದರಲ್ಲಿ ಕುಡಿತ. ಇದು ವೆಸ್ಲಿಯ ಕಿವಿಗೆ ಬಿದ್ದಾಗ, ಬಹುಕಾಲದಿಂದ ತಾವು ಬಯಸುತ್ತಿದ್ದದ್ದು ಇದೇ ಎಂದು ಅವರಿಗೆ ಹೊಳೆಯಿತು. ಸಾವಿರಾರು ಮಂದಿಗೆ ಬಯಲಿನಲ್ಲಿ ನಿಂತು ಬೋಧಿಸುವವರಿಗೆ ಒಬ್ಬೊಬ್ಬರ ವಾರ ಹೇಗೆ ಕಳೆಯಿತೆಂದು ತಿಳಿಯುವ ದಾರಿ ಎಲ್ಲಿದೆ? ಮೊದಮೊದಲು ಮುಂದಾಳುಗಳು ಮನೆಮನೆಗೇ ಹೋದರು. ಅದಕ್ಕೆ ಸಮಯ ಸಾಲಲಿಲ್ಲ. ಮನೆಗೆಲಸಕ್ಕಿದ್ದವರ ಬಳಿ ಯಜಮಾನರ ಎದುರು ಮನಬಿಚ್ಚಿ ಮಾತಾಡುವಂತಿರಲಿಲ್ಲ. ಒಬ್ಬರ ಮೇಲೆ ಇನ್ನೊಬ್ಬರು ಹೇಳಿದ ದೂರನ್ನು ಮುಖಾಮುಖಿ ಇಟ್ಟು ಬಗೆಹರಿಸುವುದೂ ಆಗುತ್ತಿರಲಿಲ್ಲ. ಕೊನೆಗೆ ಹನ್ನೆರಡೂ ಜನ ಒಂದೆಡೆ ಸೇರುವ ಪದ್ಧತಿ ಬಂತು. ಅಲ್ಲಿ ಪಾಠವಿರಲಿಲ್ಲ, ಪ್ರಸಂಗವಿರಲಿಲ್ಲ. ನಿಮ್ಮ ಆತ್ಮ ಹೇಗಿದೆ ಎಂಬ ಅರ್ಥದ ಪ್ರಶ್ನೆಯನ್ನು ಒಬ್ಬೊಬ್ಬರಿಗೂ ಕೇಳುವುದು, ಉತ್ತರಕ್ಕೆ ತಕ್ಕಂತೆ ಸಮಾಧಾನವನ್ನೋ ಎಚ್ಚರಿಕೆಯನ್ನೋ ಹೇಳುವುದು, ಕಾಯಿಲೆಯವರಿದ್ದರೆ ಪಾದ್ರಿಗೆ ತಿಳಿಸುವುದು ಮುಂದಾಳುವಿನ ಕೆಲಸ. ಈ ಮುಂದಾಳುಗಳಲ್ಲಿ ಹೆಂಗಸರು ಬಹಳ ಮಂದಿ ಇದ್ದರು, ಕೂಲಿ ಮಾಡುವವರೂ ಇದ್ದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅವರಿಗೆ ಪುಲ್ಪಿಟ್ಟಿನ ಹತ್ತಿರವೂ ಜಾಗ ಸಿಗುವುದು ಕಷ್ಟವಿತ್ತು.

ಒಂದು ಸಣ್ಣ ಲೆಕ್ಕ. ಆರು ಜನರ ಗುಂಪಿನಲ್ಲಿ ಮಾತಾಡಬಲ್ಲ ಜೋಡಿಗಳು 15, ಹನ್ನೆರಡರಲ್ಲಿ 66, ಇಪ್ಪತ್ತರಲ್ಲಿ 190. ವೆಸ್ಲಿಯ ಕೂಟದಲ್ಲಿ ಮಾತು ಮುಂದಾಳುವಿನಿಂದ ಒಬ್ಬೊಬ್ಬರಿಗೆ ಸಾಗುತ್ತಿದ್ದುದರಿಂದ ತಲಾ ಐದು ನಿಮಿಷವೆಂದರೂ ಹನ್ನೆರಡು ಜನ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದರು. ಎಲ್ಲರೂ ಎಲ್ಲರೊಡನೆ ಚರ್ಚಿಸುವ ವಾಕ್ಯಧ್ಯಾನಕ್ಕೆ ಹನ್ನೆರಡು ಹೆಚ್ಚಾಯಿತು. ಇಪ್ಪತ್ತು ಜನ ಬರುತ್ತಾರೆ ಎಂದು ಹಿಗ್ಗುವವರಿಗೆ ನನ್ನ ಸಲಹೆ, ದಯವಿಟ್ಟು ಮೂರು ಮನೆ ಹುಡುಕಿ.

ಈಗ ವಾಕ್ಯಧ್ಯಾನಕ್ಕೆ ಬರೋಣ. ಇಲ್ಲಿಯೂ ಮುಂದಾಳುವಿನ ಕೈಯಲ್ಲಿರುವುದು ಪ್ರಶ್ನೆ. ಆದರೆ ಎಂಥದು? ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಒಳ್ಳೆಯ ಸಮಾರ್ಯನ ಸಾಮ್ಯವನ್ನು ತೆಗೆದುಕೊಳ್ಳಿ. ‘ನಾವು ನೆರೆಯವರನ್ನು ಪ್ರೀತಿಸಬೇಕಲ್ಲವೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ, ಅಲ್ಲಿಗೆ ಮಾತು ಸತ್ತಿತು. ‘ಯಾಜಕ ಯಾಕೆ ನಿಲ್ಲಲಿಲ್ಲ?’ ಎಂದು ಕೇಳಿ ನೋಡಿ. ಕೂಡಲೇ ಯಾರೋ ಒಬ್ಬರು, ಸಾಮಾನ್ಯವಾಗಿ ಹೆಚ್ಚು ಪ್ರಸಂಗ ಕೇಳಿದವರು, ‘ದೇವಾಲಯದ ಸೇವೆಗೆ ಹೊರಟಿದ್ದ, ಹೆಣ ಮುಟ್ಟಿದರೆ ಮೈಲಿಗೆ’ ಎನ್ನುತ್ತಾರೆ. ತಕ್ಷಣ ತಿದ್ದಬೇಡಿ. ‘ಅವನು ಯಾವ ಕಡೆಗೆ ಹೋಗುತ್ತಿದ್ದ? ವಾಕ್ಯ ನೋಡಿ ಹೇಳಿ’ ಎಂದು ಕೇಳಿ, ಸುಮ್ಮನಿರಿ. ಪುಟಗಳು ಸರಿಯುತ್ತವೆ. ಗಾಯಾಳು ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟವನು. ಯೆರೂಸಲೇಮ್ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಯೆರಿಕೋ ಸುಮಾರು 250 ಮೀಟರ್ ಕೆಳಗಿದೆ. ಯಾಜಕನೂ ಅದೇ ದಾರಿಯಲ್ಲಿ ಕೆಳಕ್ಕೆ ಇಳಿಯುತ್ತಿದ್ದಾನೆ. ಅಂದರೆ ದೇವಾಲಯ ಅವನ ಬೆನ್ನಿಗಿದೆ! ನಾವು ಅವನಿಗಾಗಿ ಹೊಸೆದ ನೆಪದ ಬಲ ಅರ್ಧಕ್ಕಿಳಿಯಿತು. ಆಮೇಲೆ ಬರುವ ಪ್ರಶ್ನೆಯನ್ನು ಮುಂದಾಳು ಕೇಳಬೇಕಾಗಿಲ್ಲ, ಗುಂಪಿನಲ್ಲೇ ಯಾರಾದರೂ ಕೇಳುತ್ತಾರೆ: ಅವನಿಗೊಂದು ನೆಪ ಹುಡುಕಿಕೊಡಲು ನಮಗೇಕೆ ಇಷ್ಟು ಅವಸರ?

ಈ ಕ್ಷಣಕ್ಕಾಗಿ ನಾನು ಎಷ್ಟು ಹೊತ್ತು ಬೇಕಾದರೂ ಕಾಯುತ್ತೇನೆ. ಇದೇ ಸಂಗತಿಯನ್ನು ಮುಂದಾಳು ತಾನೇ ಹೇಳಿದ್ದರೆ ಒಂದು ಮಾಹಿತಿಯಾಗುತ್ತಿತ್ತು, ಕೇಳಿದವರು ತಲೆದೂಗಿ ಕಾಫಿ ಕುಡಿಯುತ್ತಿದ್ದರು. ತಾವೇ ಕಂಡುಕೊಂಡದ್ದು ಅವರ ಸ್ವಂತದ್ದು; ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳುತ್ತಾರೆ. ಪ್ರಶ್ನೆಯ ನಂತರದ ಮೌನ ತಾಳಲಾರದೆ ಉತ್ತರ ಕೊಟ್ಟುಬಿಡುವುದೇ ಹೊಸ ಮುಂದಾಳುಗಳ ಮೊದಲ ಎಡವು. ಆ ಸಾಮ್ಯವನ್ನು ಹೇಳಿದ ಯೇಸುವಾದರೂ ನೆರೆಯವನು ಯಾರೆಂದು ಕೇಳಿದ ಧರ್ಮೋಪದೇಶಕನಿಗೆ ನೇರ ಉತ್ತರ ಕೊಡಲಿಲ್ಲ. ಕಥೆ ಮುಗಿಸಿ, ತಿರುಗಿ ಅವನನ್ನೇ ಕೇಳಿದರು.

ಎರಡನೆಯ ಎಡವು ಪ್ರಾರ್ಥನೆಯ ಹೊತ್ತಿನದು. ‘ಪ್ರಾರ್ಥನೆಗಾಗಿ ಮಾತ್ರ ಹೇಳುತ್ತಿದ್ದೇನೆ’ ಎಂಬ ಪೀಠಿಕೆಯೊಂದಿಗೆ ಪಕ್ಕದ ಮನೆಯವರ ಸಂಗತಿ ಹೊರಬೀಳುತ್ತದೆ. ತನ್ನ ವಿಷಯ ಮಾತ್ರ ಹೇಳಬೇಕು, ಕೇಳಿದ್ದು ಹೊಸಿಲು ದಾಟಬಾರದು ಎಂಬ ಕಟ್ಟುಪಾಡನ್ನು ಮೊದಲ ದಿನವೇ ಹಾಕಿ. ಇನ್ನು ತಿಂಡಿ! ಈ ವಾರ ಬಿಸ್ಕತ್ತು, ಮುಂದಿನ ವಾರ ಉಪ್ಪಿಟ್ಟು, ಆಮೇಲೆ ಬಿರಿಯಾನಿ. ಕೈ ಬಿಗಿಯಿದ್ದವರು ‘ನಮ್ಮನೆಯಲ್ಲಿ ಬೇಡ’ ಎಂದು ಮೆಲ್ಲಗೆ ಹಿಂದೆ ಸರಿಯುತ್ತಾರೆ. ಫಾಯ್ ಹುಡುಕಿಕೊಂಡು ಹೋದದ್ದು ಇಂಥವರನ್ನೇ. ಚಹಾ ಮಾತ್ರ ಎಂದು ಗೆರೆ ಎಳೆದುಬಿಡಿ.

ವೆಸ್ಲಿಯ ಕ್ಲಾಸ್ ಶಾಶ್ವತವಾಗಿ ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರಗಳು ಬಾಯಿಪಾಠವಾದವು, ಪ್ರತಿ ವಾರ ಅದೇ ಸಾಕ್ಷಿ. ಅಮೆರಿಕದ ದಕ್ಷಿಣದ ಮೆಥೊಡಿಸ್ಟ್ ಸಭೆ 1866ರಲ್ಲಿ ಕ್ಲಾಸಿಗೆ ಬರಲೇಬೇಕೆಂಬ ನಿಯಮವನ್ನೇ ಕೈಬಿಟ್ಟಿತು. ಪಾಠ ಹೇಳುವ ತರಗತಿಗಳು ಬೆಳೆದವು, ಪ್ರಶ್ನೆ ಸೊರಗಿತು. ನನ್ನ ಮಟ್ಟಿಗೆ ಇದು ದೊಡ್ಡ ನಷ್ಟ, ಒಪ್ಪದವರೂ ಇದ್ದಾರೆ.

ಕನ್ನಡನಾಡಿಗೂ ಈ ಎಳೆ ಬಂದಿದೆ. ಹಳೆ ಮೈಸೂರು ಸೀಮೆಯಲ್ಲಿ ಬೆಂಗಳೂರು, ಗುಬ್ಬಿ, ಮೈಸೂರು, ತುಮಕೂರುಗಳಲ್ಲಿ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್. ಆ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿದವು. ನೀವು ಅಂಥ ಸಭೆಯವರಾದರೆ ಕಪಾಟಿನಲ್ಲಿ ಹಳೆಯ ದಾಖಲೆ ಪುಸ್ತಕಗಳಿವೆಯೇ ನೋಡಿ, ಗೆದ್ದಲು ಮುಟ್ಟುವ ಮೊದಲೇ ಓದಿ. ಹಿರಿಯರನ್ನು ಮಾತಿಗೆಳೆಯಿರಿ. ವೆಸ್ಲಿ ತಾವೇ ಬರೆದ ಮೆಥೊಡಿಸ್ಟರ ವೃತ್ತಾಂತ ಚಿಕ್ಕದು, ಅದನ್ನೂ ಓದಿ. ವಾಕ್ಯಧ್ಯಾನದ ಅಭ್ಯಾಸಕ್ಕೆ ಪೌಲನು ಫಿಲೆಮೋನನಿಗೆ ಬರೆದ ಪತ್ರ ಒಳ್ಳೆಯದು, ಇರುವುದೇ 25 ವಚನ. ಗುಲಾಮ ಒನೇಸಿಮ ಯಜಮಾನನಿಂದ ಓಡಿಹೋಗಿದ್ದ ಎಂದು ಗುಂಪಿನವರೆಲ್ಲ ಹೇಳುತ್ತಾರೆ. ಓಡಿಹೋದ ಮಾತು ಪತ್ರದಲ್ಲಿ ಎಲ್ಲಿದೆ ಎಂದು ಕೇಳಿ.