ಕಥೆಯ ಸಂಭಾಷಣೆಯೂ ಪಾರಿಜಾತದ ದೂತಿಯೂ

ಹುಕ್ಕೇರಿ ಸೀಮೆಯ ರೈತನು ಕಥೆಯೊಳಗೆ ಕಾಲಿಟ್ಟೊಡನೆ ಪಠ್ಯಪುಸ್ತಕದಂತೆ ಮಾತಾಡತೊಡಗುವುದು ನಮ್ಮ ತರುಣ ಕಥೆಗಾರರಲ್ಲಿ ಪದೇ ಪದೇ ಕಾಣುವ ದೋಷ. ಹೊಲದಲ್ಲಿ "ಮಳಿ ಬರೂಹಂಗ ಐತಿ" ಎನ್ನುವವನು ಕಥೆಯಲ್ಲಿ "ಮಳೆಯು ಬರುವಂತೆ ತೋರುತ್ತದೆ" ಎನ್ನುತ್ತಾನೆ. ಇನ್ನು ಕೆಲವರು ಪ್ರತಿಯೊಂದು ಉಚ್ಚಾರವನ್ನೂ ಬರೆದಿಳಿಸಿ, ಮೈಸೂರು ಕಡೆಯ ಓದುಗನಿಗೆ ಕಥೆಯ ಬಾಗಿಲನ್ನೇ ಮುಚ್ಚುತ್ತಾರೆ.

ಈ ತೊಡಕಿನಲ್ಲಿ ನಮಗೆ ಒದಗಿಬರುವುದು ಇದೇ ನೆಲದ ಶ್ರೀಕೃಷ್ಣ ಪಾರಿಜಾತ. ಅದರ ಕರ್ತೃವೆಂದು ಪ್ರಸಿದ್ಧನಾದ ತಮ್ಮಣ್ಣನ ಊರು ಕುಲಗೋಡ. ಹಿಂದೆ ಗೋಕಾಕ ತಾಲೂಕಿನದು, ಈಗ ಮೂಡಲಗಿಯದು. ಈ ಆಟದಲ್ಲಿ ಹಾಡುಗಳು ಮೊದಲೇ ಕಟ್ಟಿದವು; ನಡುವಣ ಗದ್ಯವು ಬಹುಮಟ್ಟಿಗೆ ರಂಗದ ಮೇಲೆಯೇ ಹುಟ್ಟತಕ್ಕದ್ದು. ಸತ್ಯಭಾಮೆ ತನ್ನ ಹಿರಿಮೆಯನ್ನು ಹಾಡಿದರೆ ದೂತಿಯು ಆಡುಮಾತಿನಲ್ಲಿ ಅಡ್ಡಪ್ರಶ್ನೆ ಹಾಕಿ ಅದನ್ನು ನೆಲಕ್ಕಿಳಿಸುತ್ತಾಳೆ. ಎದುರಿನವಳ ಮಾತಿನ ಒಂದು ತುದಿಯನ್ನು ಹಿಡಿದು ಬೇರೆ ಕಡೆಗೆ ತಿರುವುವುದೇ ಆಕೆಯ ಜಾಣ್ಮೆ. ಅಪರೂಪದ ಶಬ್ದಗಳು ಅಲ್ಲಿ ಕಡಿಮೆ. (ಒಳ್ಳೆಯ ದೂತಿಯಿಲ್ಲದ ಪಾರಿಜಾತವನ್ನು ಬೆಳತನಕ ನೋಡುವುದು ಕಷ್ಟವೇ ಸರಿ.)

ಕಥೆಗಾರನು ಇದರಿಂದ ಕಲಿಯಬಹುದಾದುದು ಬಹಳವಿದೆ. 'ಐತಿ', 'ಬರಾಕ', 'ಹಂಗ' ಇಂಥ ನಾಲ್ಕಾರು ರೂಪಗಳನ್ನು ಉಳಿಸಿಕೊಂಡರೂ ಸೀಮೆಯ ಗುರುತು ಸಿಗುತ್ತದೆ. ಹೆಚ್ಚಿನ ಗಮನವು 'ರೀ'ಕಾರದ ಮೇಲಿರಲಿ. ಕಥೆಯುದ್ದಕ್ಕೂ ಒಡೆಯನಿಗೆ "ಬರ್ರಿ" ಎನ್ನುತ್ತಿದ್ದ ಆಳು ಒಮ್ಮೆ "ಬಾ" ಎಂದನೆಂದರೆ, ಅವನ ಕೋಪವನ್ನು ಬಣ್ಣಿಸುವ ವಾಕ್ಯವನ್ನು ಲೇಖಕನು ಹೊಡೆದುಹಾಕಬಹುದು.