ತುದಿ ಕಡಿದ ಕ್ರಿಸ್‌ಮಸ್ ಗಿಡ

ಹೋದ ಮಳೆಗಾಲದಲ್ಲಿ ತಮ್ಮ ಬಮ್ಮಿಗಟ್ಟಿಯಿಂದ ವಿಡಿಯೊ ಕಾಲ್ ಮಾಡಿದ. ಮನೆ ಮುಂದಿನ ಕ್ರಿಸ್‌ಮಸ್ ಗಿಡದ ತುದಿ ಇನ್ನೇನು ಕರೆಂಟ್ ತಂತಿಗೆ ತಾಗುವ ಹಾಗಿತ್ತು. "ಅಕ್ಕಾ, ಏನ್ ಮಾಡೂಣು?" ಅಂದ. ನಾನು ಬೆಂಗಳೂರಿನಲ್ಲಿ, ಆಫೀಸ್ ಮೀಟಿಂಗಿನ ನಡುವೆ. "ತುದಿ ಕಡಸು, ಮತ್ತ ಚಿಗೀತೈತಿ" ಅಂದು ಫೋನ್ ಇಟ್ಟೆ. ಬೇವು, ಹುಣಸಿ, ನುಗ್ಗಿ ಎಲ್ಲಾ ಕಡಿದಷ್ಟೂ ಚಿಗುರೋದನ್ನ ನೋಡಿ ಬೆಳೆದವಳಲ್ಲವೇ!

ಆ ಗಿಡವನ್ನು ಅಪ್ಪ ಧಾರವಾಡದ ನರ್ಸರಿಯಿಂದ ಕುಂಡದಲ್ಲಿ ತಂದಿದ್ದರು, ನಾನು ಎಸ್‌ಎಸ್‌ಎಲ್‌ಸಿ ಪಾಸಾದ ವರ್ಷ. ಅಪ್ಪ ಈಗಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಗಿಡ ನೋಡಿ ಎದೆ ಧಸಕ್ಕೆಂದಿತು. ಕಳಸ ಕಿತ್ತ ಗುಡಿಯ ಹಾಗೆ ನಿಂತಿತ್ತು. ಅವ್ವ ಬೈಯಲಿಲ್ಲ. "ನಿಮ್ಮಪ್ಪ ಇದ್ದಿದ್ರ ಮೊದಲ ತಂತಿ ಸರಸ್ತಿದ್ರು" ಅಂದಳು, ಅಷ್ಟೇ.

ಮಾಡಿದ್ದಾದ ಮೇಲೆ ಓದೋದು ನಮ್ಮಂಥವರ ಚಾಳಿ. ಇದರ ಹೆಸರು ಅರೋಕೇರಿಯಾ. ನಿತ್ಯಹಸಿರಿನ ಕೋನಿಫರ್. ನಮ್ಮ ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವ ಕೋನಿಫರ್ ಒಂದೇ ಒಂದು, ನಾಗೇಯಿಯಾ ವಾಲಿಚಿಯಾನಾ. ಉಳಿದವೆಲ್ಲ ನಮಗೆ ಬೀಗರ ಮನೆಯವು. ನಮ್ಮ ಅಂಗಳದ್ದು ಕುಕ್ ಪೈನ್, ತವರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ. 1774ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ದೂರದಿಂದ ನೋಡಿ ಇವು ಮರಗಳೋ ಕಲ್ಲಿನ ಕಂಬಗಳೋ ಅಂತ ವಾದ ಮಾಡಿದ್ದರಂತೆ. 60 ಮೀಟರ್‌ವರೆಗೂ ಬೆಳೆಯಬಲ್ಲದು. ಕುಂಡದಲ್ಲಿ ಎರಡು ಅಡಿ ಇದ್ದಾಗ ಇದನ್ನ ಯಾರೂ ಹೇಳೋದಿಲ್ಲ ನೋಡಿ! ಬೆಂಗಳೂರಿನ ಲಾಲ್‌ಬಾಗಿನಲ್ಲಿ 1961ರಲ್ಲಿ ಎಲಿಜಬೆತ್ ರಾಣಿ ನೆಟ್ಟದ್ದೂ ಇದೇ ಕುಲದ ಗಿಡ.

ಈ ಗಿಡದ ಸ್ವಭಾವ ಬೇರೆ. ನಡುವಿನ ಕಾಂಡದ ತುದಿಯೇ ಇದರ ಯಜಮಾನ. ಅದು ಮೇಲಕ್ಕೆ ಹೋಗುತ್ತಾ ಸುತ್ತು ಸುತ್ತಾಗಿ ರೆಂಬೆ ಬಿಡುತ್ತದೆ. ಪಕ್ಕದ ರೆಂಬೆಗೆ ಅಡ್ಡ ಬೆಳೆಯೋದಷ್ಟೇ ಗೊತ್ತು. ಆ ರೆಂಬೆ ಕಡಿದು ನೆಟ್ಟು ಬೇರು ಬರಿಸಿದರೂ ಅದು ಅಡ್ಡಡ್ಡವೇ ಹೋಗುತ್ತದೆ, ನೆಟ್ಟಗೆ ಗಿಡವಾಗೋದಿಲ್ಲ. ನೆಟ್ಟನೆ ಗಿಡ ಬೇಕಾದರೆ ಬೀಜ ಬೇಕು, ಇಲ್ಲಾ ತುದಿಯದೇ ತುಂಡು ಬೇಕು. ನಮ್ಮ ತುಂಡನ್ನು ತಮ್ಮ ತಿಪ್ಪೆಗೆ ಒಗೆದಿದ್ದ.

ಹಾಗಾದ್ರೆ ಕತ್ತರಿಸೋದು ಯಾವಾಗ? ಒಣಗಿದ, ಮುರಿದ, ರೋಗ ಬಂದ ರೆಂಬೆ ಇದ್ದಾಗ ಮಾತ್ರ. ಚಂದ ಮಾಡೋಕೆ ಅಂತ ಕತ್ತರಿ ಹಿಡೀಬೇಡಿ. ಹಸಿರಿರುವ ಕೆಳಗಿನ ರೆಂಬೆ ತೆಗೆದರೆ ಆ ಜಾಗದಲ್ಲಿ ಬಂದರೂ ಗಿಡ್ಡ ಚಿಗುರು ಬಂದೀತು, ಮೊದಲಿನ ಅಗಲದ ಸುತ್ತು ಬರೋದಿಲ್ಲ. ರೆಂಬೆಯ ತುದಿ ಚಿವುಟಿದರೆ ಅದು ಮೊಂಡಾಗಿಯೇ ಉಳಿಯುತ್ತದೆ. ನಮ್ಮ ಕಲಘಟಗಿ ಕಡೆ ಮಳೆ ಜೋರು. ಹಸಿ ಗಾಯಕ್ಕೆ ನೀರು ಕೂತರೆ ಶಿಲೀಂಧ್ರ ಹಿಡಿಯುವ ಭಯ. ಅದಕ್ಕೇ ಸಂಕ್ರಾಂತಿ ಆದ ಮೇಲೆ, ಶಿವರಾತ್ರಿಯೊಳಗೆ, ಒಣಹವೆಯಲ್ಲಿ ಮುಗಿಸೋದು ಒಳ್ಳೇದು ಅನ್ನೋದು ನನ್ನ ಲೆಕ್ಕ.

ಕೊಡಲಿ ಬೇಡ, ಹರಿತವಾದ ಗರಗಸ ಇರಲಿ. ಹಲ್ಲುಗಳನ್ನ ಸ್ಪಿರಿಟ್‌ನಿಂದ ಒರೆಸಿಕೊಳ್ಳಿ. ಭಾರದ ರೆಂಬೆಯಾದರೆ ಕಾಂಡದಿಂದ ಒಂದು ಗೇಣು ಆಚೆ, ಮೊದಲು ಕೆಳಗಿನಿಂದ ಅರ್ಧ ಕೊಯ್ದು, ಆಮೇಲೆ ಸ್ವಲ್ಪ ಮುಂದೆ ಮೇಲಿನಿಂದ ಕೊಯ್ಯಿರಿ. ಇಲ್ಲದಿದ್ದರೆ ಬೀಳುವ ರೆಂಬೆ ಕಾಂಡದ ಸಿಪ್ಪೆಯನ್ನೂ ಸೀಳಿಕೊಂಡು ಹೋಗುತ್ತದೆ. ಉಳಿದ ಮೋಟನ್ನು ಕೊನೆಗೆ ತೆಗೆಯಬೇಕು. ರೆಂಬೆ ಕಾಂಡಕ್ಕೆ ಸೇರುವಲ್ಲಿ ಕೊರಳಿನಂತೆ ಉಬ್ಬಿರುತ್ತದಲ್ಲ, ಅದರ ಹೊರಗೇ ನಿಲ್ಲಿಸಿ. ಗಾಯ ಮುಚ್ಚುವ ಶಕ್ತಿ ಇರೋದು ಆ ಉಬ್ಬಿನಲ್ಲೇ. ಬಣ್ಣ, ಡಾಂಬರು ಬಳಿಯಬೇಡಿ. ತಂತಿ ಹತ್ತಿರವಿದ್ದರೆ ನೀವು ಹತ್ತಲೇಬೇಡಿ, ಲೈನ್ ಬಂದ್ ಮಾಡಿಸಿ ತಿಳಿದವರಿಂದ ಮಾಡಿಸಿ.

ಇನ್ನೊಂದು ಮಾತು. ಅವ್ವನಿಗೆ ಗಿಡ ವಾಲಿದೆ ಅಂತ ಚಿಂತೆ, ಒಂದು ಬದಿ ಹಗುರ ಮಾಡಿಸೋಣ ಅಂತಿದ್ದಳು. ಅದನ್ನಾದರೂ ತಡೆದೆ. ಕುಕ್ ಪೈನ್ ವಾಲೋದು ಹುಟ್ಟುಗುಣ. ಐದು ಖಂಡಗಳ 256 ಮರ ಅಳೆದವರು 2017ರಲ್ಲಿ ಬರೆದಿದ್ದಾರೆ: ಇವು ಭೂಮಧ್ಯರೇಖೆಯ ಕಡೆಗೆ, ಸರಾಸರಿ ಎಂಟೂವರೆ ಡಿಗ್ರಿಯಷ್ಟು ವಾಲುತ್ತವೆ. ನಮ್ಮದು ವಾಲಿರೋದೂ ದಕ್ಷಿಣಕ್ಕೇ.

ಸಂಕ್ರಾಂತಿಗೆ ಹೋದಾಗ ಕಡಿದ ಜಾಗದ ಕೆಳಗೆ ಕಾಂಡದಿಂದಲೇ ಮೂರು ಚಿಗುರು ನೆಟ್ಟಗೆ ಎದ್ದಿದ್ದವು. ಮೂರನ್ನೂ ಬಿಟ್ಟರೆ ಮೂರು ತಲೆಯ ಗಿಡ. ಗಟ್ಟಿಯಾದ, ನಡುವಿಗೆ ಹತ್ತಿರದ ಒಂದನ್ನು ಉಳಿಸಿ, ಉಳಿದೆರಡನ್ನು ಎಳೆಯದಿದ್ದಾಗಲೇ ತೆಗೆಸಿದೆವು. ಮೊದಲಿನ ರೂಪ ಪೂರ್ತಿ ಬರೋದಿಲ್ಲ, ಕಡಿದ ಕಡೆ ಸೊಟ್ಟ ಉಳಿಯುತ್ತದೆ.

ತಂತಿ ಸರಿಸೋಕೆ ತಮ್ಮ ಅರ್ಜಿ ಕೊಟ್ಟಿದ್ದಾನೆ, ಎರಡು ಸಲ ಓಡಾಡಿಯೂ ಬಂದ. ಮೊನ್ನೆ ರವಿವಾರ ಅವ್ವನೇ ಫೋನ್ ಮಾಡಿದಳು: "ತುದಿ ಗೇಣುದ್ದ ಆಗೇತಿ ನೋಡವಾ. ಈ ಸಲ ಯಾರೂ ಮುಟ್ಟಬ್ಯಾಡ್ರಿ."